ವಿದ್ಯುತ್ ಕಾರಿಗೆ ದಾರಿಬುತ್ತಿ

ದಾರಿಬುತ್ತಿ ಎಂಬ ಮಾತು ಈಗಿನ ಮಕ್ಕಳಿಗೆ ಪಾಠದ ಕೆಳಗೆ ಅರ್ಥ ಬರೆದು ಹೇಳಬೇಕಾದ ಮಾತಾಗಿದೆ. ಸಂಸ್ಕೃತದಲ್ಲಿ ಇದನ್ನೇ ಪಾಥೇಯ ಎನ್ನುತ್ತಾರೆ. ಊರು ಬಿಡುವವನು ಮುಂದಿನ ತಂಗುದಾಣದವರೆಗೆ ಹೊಟ್ಟೆಗಾಗುವಷ್ಟನ್ನು ಗಂಟು ಕಟ್ಟಿಕೊಂಡು ಹೊರಡುತ್ತಿದ್ದ ಕಾಲದ ಮಾತು ಅದು. ಹೆಜ್ಜೆಗೊಂದು ಹೋಟೆಲು ಬಂದ ಮೇಲೆ ಬುತ್ತಿಯ ಬಟ್ಟೆ ಅಟ್ಟ ಸೇರಿತು. ಊರಿಗೊಂದು ಪೆಟ್ರೋಲು ಬಂಕು ಬಂದ ಮೇಲೆ ಗಾಡಿಯ ಹೊಟ್ಟೆಯ ಯೋಚನೆಯೂ ನಮಗೆ ತಪ್ಪಿತು. ಈಗ ವಿದ್ಯುತ್ ಕಾರು ಬಂದು ಆ ಹಳೆಯ ಯೋಚನೆಯನ್ನು ಮತ್ತೆ ನಮ್ಮ ತಲೆಗೆ ಹಚ್ಚಿದೆ. ಪೇಟೆಯೊಳಗೆ ಮನೆಗೂ ಕಚೇರಿಗೂ ಓಡಾಡುವವರಿಗೆ ಇದು ತಿಳಿಯುವುದಿಲ್ಲ. ರಾತ್ರಿ ಮನೆಯಲ್ಲಿ ತುಂಬಿಸಿ ಹಗಲು ಓಡಿಸಿದರೆ ಅವರ ಕೆಲಸ ಮುಗಿಯಿತು. ದೂರದ ಊರಿಗೆ, ಅದೂ ಘಟ್ಟ ಇಳಿದು ಹೋಗಬೇಕಾದವರಿಗೆ ಮಾತ್ರ ಇದರ ಬಿಸಿ ತಟ್ಟುತ್ತದೆ.

ನಾನು ಯಂತ್ರಶಾಸ್ತ್ರ ಓದಿದವನಲ್ಲ; ಪ್ರೌಢಶಾಲೆಯಲ್ಲಿ ಕನ್ನಡ ಹೇಳುವವನು. ಕಳೆದ ಬೇಸಗೆಯ ರಜೆಯಲ್ಲಿ ತಂಗಿಯ ಮಗನ ವಿದ್ಯುತ್ ಕಾರಿನಲ್ಲಿ ಬೆಂಗಳೂರಿನಿಂದ ಉಪ್ಪಿನಂಗಡಿಯ ಕಡೆಗೆ ಹೋಗಿ ಬರುವ ಸಂದರ್ಭ ಒದಗಿತು. ಹೋಗಲೇಬೇಕಾದ ಪ್ರಯಾಣ. ಉಪ್ಪಿನಂಗಡಿಯಿಂದ ಆರು ಕಿಲೋಮೀಟರ್ ಒಳಗೆ ಅಡಕೆ ತೋಟದ ನಡುವಿನ ಮನೆಯಲ್ಲಿ ನನ್ನ ಚಿಕ್ಕಮ್ಮ ಹಾಸಿಗೆ ಹಿಡಿದು ನಾಲ್ಕು ತಿಂಗಳಾಗಿತ್ತು. ಎಂಬತ್ತೆರಡರ ನಮ್ಮ ತಾಯಿಗೆ ತಂಗಿಯನ್ನು ನೋಡಬೇಕೆಂಬ ಹಂಬಲ. ಬಸ್ಸಿನಲ್ಲಿ ಕೂರುವ ಶಕ್ತಿಯಿಲ್ಲ. ಭಾನುವಾರ ಮಧ್ಯಾಹ್ನದ ಊಟಕ್ಕೆ ಬರುತ್ತೇವೆಂದು ಹೇಳಿ ಕಳಿಸಿದೆವು. ‘ಅಕ್ಕ ಬಂದ ಮೇಲೆಯೇ ನನ್ನ ಊಟ’ ಎಂದು ಅಲ್ಲಿಂದ ಮಾರುತ್ತರ ಬಂತು.

ಹೊರಡುವ ಹಿಂದಿನ ರಾತ್ರಿ ಹುಡುಗ ನನಗೆ ಮೊದಲ ಪಾಠ ಹೇಳಿದ. ಅವನ ಕಾರಿನ ಬ್ಯಾಟರಿಯಲ್ಲಿ 40 ಯೂನಿಟ್ ವಿದ್ಯುತ್ ಹಿಡಿಯುತ್ತದೆ. ನಮ್ಮ ಮನೆಯ ಮೀಟರು ಲೆಕ್ಕ ಹಾಕುವ ಅದೇ ಯೂನಿಟ್ಟು. ಒಂದು ಲೀಟರ್ ಪೆಟ್ರೋಲಿನಲ್ಲಿ ಹುದುಗಿರುವ ಶಕ್ತಿಯನ್ನು ಇದೇ ಅಳತೆಯಲ್ಲಿ ಹೇಳಿದರೆ ಸುಮಾರು 9 ಯೂನಿಟ್. ಎಂದರೆ, ಕಾರಿನ ತಳದ ಉದ್ದಕ್ಕೂ ಹಾಸಿರುವ, ನಾಲ್ಕು ಜನ ಸೇರಿದರೂ ಎತ್ತಲಾಗದ ಆ ಭಾರಿ ಪೆಟ್ಟಿಗೆಯಲ್ಲಿರುವುದು ಬರಿಯ ನಾಲ್ಕೂವರೆ ಲೀಟರ್ ಪೆಟ್ರೋಲಿನ ಸತ್ತ್ವ! ನಾನು ನಕ್ಕುಬಿಟ್ಟೆ. ಆದರೆ ಅವನ ಮಾತು ಅಲ್ಲಿಗೆ ಮುಗಿದಿರಲಿಲ್ಲ. ಪೆಟ್ರೋಲು ಎಂಜಿನು ತಾನು ಕುಡಿದುದರಲ್ಲಿ ಸುಮಾರು ಕಾಲು ಪಾಲನ್ನಷ್ಟೆ ಚಕ್ರಕ್ಕೆ ಕೊಟ್ಟು, ಉಳಿದ ಮುಕ್ಕಾಲನ್ನು ಶಾಖ ಮಾಡಿ ಗಾಳಿಗೆ ಬಿಡುತ್ತದೆ. ವಿದ್ಯುತ್ ಮೋಟಾರಾದರೋ ಹತ್ತರಲ್ಲಿ ಎಂಟು ಪಾಲಿಗಿಂತ ಹೆಚ್ಚನ್ನು ಚಕ್ರಕ್ಕೆ ಮುಟ್ಟಿಸುತ್ತದೆ. ಆದಕಾರಣ ಆ ನಾಲ್ಕೂವರೆ ಲೀಟರಿನ ಸತ್ತ್ವದಲ್ಲೇ ಇದು ಇನ್ನೂರೈವತ್ತು ಕಿಲೋಮೀಟರಿನ ಆಸುಪಾಸು ಹೋಗುತ್ತದೆ. ಬುತ್ತಿ ಚಿಕ್ಕದು, ಉಣ್ಣುವವನು ಮಿತಾಹಾರಿ. ಚಿಕ್ಕ ಬುತ್ತಿಯಾದುದರಿಂದ ಒಂದೊಂದು ತುತ್ತಿಗೂ ಲೆಕ್ಕ ಬೇಕು ಎಂಬುದು ಇದರ ಜೊತೆಗೇ ಬರುವ ಮಾತು.

ಕಂಪನಿಯವರು ಕೊಟ್ಟ ಪುಸ್ತಕದಲ್ಲಿ ಅದೇ ಕಾರಿಗೆ ನಾನೂರು ಚಿಲ್ಲರೆ ಕಿಲೋಮೀಟರ್ ಎಂದು ಅಚ್ಚಾಗಿದೆ. ಅದು ಸುಳ್ಳೆಂದು ನಾನು ಹೇಳುವುದಿಲ್ಲ. ಪರೀಕ್ಷಾಶಾಲೆಯ ಉರುಳೆಗಳ ಮೇಲೆ, ಗೊತ್ತುಪಡಿಸಿದ ಮಿತವೇಗದಲ್ಲಿ ಓಡಿಸಿ ಅಳೆದ ಸಂಖ್ಯೆ ಅದು. ನಮ್ಮ ಹೆದ್ದಾರಿಯಲ್ಲಿ ಎದುರಾಳಿಯೆಂದರೆ ಗಾಳಿ. ವೇಗ ಒಂದಕ್ಕೆ ಎರಡಾದರೆ ಗಾಳಿಯ ತಡೆ ಒಂದಕ್ಕೆ ನಾಲ್ಕಾಗುತ್ತದೆ. ಪೆಟ್ರೋಲು ಕಾರಿಗೂ ಈ ನಿಯಮ ತಪ್ಪಿದ್ದಲ್ಲ. ಅಲ್ಲಿ ಎಂಜಿನಿನ ಪೋಲು ಮೊದಲೇ ಅಷ್ಟಿರುವಾಗ ಗಾಳಿಯ ಪಾಲು ನಮ್ಮ ಕಣ್ಣಿಗೆ ಬೀಳುವುದಿಲ್ಲ. ಇಲ್ಲಿ ಢಾಳಾಗಿ ಕಾಣುತ್ತದೆ. ನಾವು ನಾಲ್ವರು ಗಂಟುಮೂಟೆಯೊಂದಿಗೆ ಗಂಟೆಗೆ 80 ಕಿಲೋಮೀಟರಿನಂತೆ ಹೋದರೆ ಆ 40 ಯೂನಿಟ್ ಸುಮಾರು 270 ಕಿಲೋಮೀಟರಿಗೆ ಬರುತ್ತದೆ. 100ರಂತೆ ಹೋದರೆ 215ಕ್ಕೆ ಮುಗಿಯುತ್ತದೆ. ಹಿಂದಿನವರು ದೂರವನ್ನು ಗಾವುದ, ಹರದಾರಿ ಎಂದು ಹೇಳುತ್ತಿದ್ದರಷ್ಟೆ. ಹರದಾರಿಯೆಂದರೆ ಮೂರು ಮೈಲಿ ಎಂದು ನಿಘಂಟು ಹೇಳುತ್ತದೆ. ಹಳ್ಳಿಯವರ ಬಾಯಲ್ಲಿ ಅದು ಊರಿಗೊಂದು ಬಗೆ, ಏರುದಾರಿಯಲ್ಲಿ ಗಿಡ್ಡ, ಬಯಲಿನಲ್ಲಿ ಉದ್ದ. ನಾವು ಅದನ್ನು ಹಳ್ಳಿಗರ ಅಜ್ಞಾನವೆಂದುಕೊಂಡಿದ್ದೆವು. ಈ ಕಾರಿನ ಎದುರು ಫಲಕದಲ್ಲಿ ಇನ್ನೆಷ್ಟು ಕಿಲೋಮೀಟರ್ ಹೋಗಬಹುದೆಂದು ತೋರಿಸುವ ಸಂಖ್ಯೆ ಥೇಟು ಹಾಗೆಯೇ ಹಿಗ್ಗುತ್ತದೆ, ಕುಗ್ಗುತ್ತದೆ.

ಬೆಳಗ್ಗೆ ಆರಕ್ಕೆ ನೆಲಮಂಗಲದ ಕಡೆಯಿಂದ ಹೊರಟೆವು. ಬ್ಯಾಟರಿ ನೂರಕ್ಕೆ ನೂರು. ಹುಡುಗನ ರಕ್ತ ಬಿಸಿ, ರಸ್ತೆ ನುಣುಪು. ಕುಣಿಗಲು, ಯಡಿಯೂರು ಕಳೆದು ಬೆಳ್ಳೂರು ಕ್ರಾಸಿನ ತನಕ ವೇಗದ ಮುಳ್ಳು 100ರಿಂದ ಕೆಳಗಿಳಿಯಲಿಲ್ಲ. ಎಂಜಿನಿನ ಸದ್ದೇ ಇಲ್ಲದಿರುವುದರಿಂದ ವೇಗ ಗೊತ್ತಾಗುವುದಿಲ್ಲವೆಂಬುದೂ ಒಂದು ಅಪಾಯ. ಚನ್ನರಾಯಪಟ್ಟಣದ ಹತ್ತಿರ ತಿಂಡಿಗೆ ನಿಂತಾಗ ನಮ್ಮ ತಾಯಿ ಕಾರಿನ ಮುಂಭಾಗವನ್ನು ನೋಡುತ್ತ, ‘ಇದಕ್ಕೆ ನೀರು ತೋರಿಸಿದ್ದಾಯಿತೇನೋ?’ ಎಂದು ಕೇಳಿದರು. ಎತ್ತಿನ ಗಾಡಿಯ ಕಾಲದವರು. ಹುಡುಗ, ‘ಹಾಸನದಲ್ಲಿ ಅಜ್ಜಿ’ ಎಂದ. ಅಲ್ಲಿಯೇ ಒಂದು ಯಂತ್ರವಿತ್ತು, ಅದರ ಮುಂದೆ ಯಾವ ಕಾರೂ ನಿಂತಿರಲಿಲ್ಲ. ನಾವು ಇಡ್ಲಿ ತಿನ್ನುವ ಅರ್ಧ ಗಂಟೆಯಲ್ಲಿ ಅದೂ ತಿನ್ನಬಹುದಾಗಿತ್ತು. ದೂರಪ್ರಯಾಣದಲ್ಲಿ ಸಿಕ್ಕಿದಾಗ ತಿನ್ನಬೇಕು, ಹಸಿದಾಗಲ್ಲ ಎಂಬುದನ್ನು ಆ ಹೊತ್ತಿನಲ್ಲಿ ನಮ್ಮಲ್ಲಿ ತಿಳಿದಿದ್ದವರು ಆಕೆಯೊಬ್ಬರೇ.

ಹಾಸನ ಮುಟ್ಟಿದಾಗ, 185 ಕಿಲೋಮೀಟರಿಗೆ, ನೂರರಲ್ಲಿ 17 ಉಳಿದಿತ್ತು. ಹೆದ್ದಾರಿ ಬದಿಯ ಹೋಟೆಲೊಂದರ ಅಂಗಳದಲ್ಲಿದ್ದ ಯಂತ್ರವನ್ನು ನಂಬಿ ಬಂದಿದ್ದೆವು. ದೂರವಾಣಿಯ ಪರದೆಯಲ್ಲಿ ಅದು ಹಸಿರು ಬಣ್ಣದಲ್ಲಿ ‘ಸಿದ್ಧ’ವೆಂದು ಮಿನುಗುತ್ತಿತ್ತು. ಹತ್ತಿರ ಹೋದರೆ ಯಂತ್ರದ ಮುಖ ಕಪ್ಪಗೆ. ಹೋಟೆಲಿನ ಹುಡುಗ ಬಂದು, ‘ಅದು ಕೆಟ್ಟು ಹನ್ನೊಂದು ದಿನವಾಯಿತು ಸಾರ್, ಫೋನು ಮಾಡಿದ್ದೇವೆ’ ಎಂದ. ಯಾವ ಕಂಪನಿಯದೆಂಬುದು ಇಲ್ಲಿ ಮುಖ್ಯವಲ್ಲ. ಮುಂದೆ ಸಕಲೇಶಪುರ 38 ಕಿಲೋಮೀಟರ್. ಗಂಟೆಗೆ 50ರಂತೆ, ತಂಪು ಯಂತ್ರವನ್ನು ನಿಲ್ಲಿಸಿ, ಮೆಲ್ಲಗೆ ಹೋದರೆ ಏಳೆಂಟು ಉಳಿಸಿಕೊಂಡು ಸೇರಬಹುದೆಂದು ಹುಡುಗ ಲೆಕ್ಕ ಹಾಕಿದ. ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಅಲ್ಲಿನ ಯಂತ್ರವೂ ಹೀಗೆಯೇ ಕಪ್ಪು ಮುಖ ಮಾಡಿಕೊಂಡಿದ್ದರೆ? ಹಿಂದಿನ ಸೀಟಿನಲ್ಲಿ ಎಂಬತ್ತೆರಡರ ಮುದುಕಿಯನ್ನು ಕೂರಿಸಿಕೊಂಡು ಆ ಪಂಥ ಬೇಡವೆಂದೆ. ತಿರುಗಿ ಊರೊಳಗೆ ಹೋದೆವು.

ಊರೊಳಗಿನ ಯಂತ್ರ ಜೀವಂತವಾಗಿತ್ತು. ಅದಕ್ಕೆ ಎರಡು ಕೊಳವೆ, ಎರಡರಲ್ಲೂ ಕಾರುಗಳು, ಹಿಂದೆ ಕಾಯುತ್ತ ಒಂದು ಬಾಡಿಗೆ ಕಾರು. ನಾವು ಆ ಸಾಲಿನ ಕೊನೆ. ಒಂದೂಕಾಲು ಗಂಟೆ ಅಲ್ಲಿ ಬೇವಿನ ಮರದ ಕೆಳಗೆ ಕುಳಿತಿದ್ದೆವು. ಬಾಡಿಗೆ ಕಾರಿನ ಚಾಲಕನೊಡನೆ ಮಾತಿಗಿಳಿದೆ. ಆತ ಸಾಲ ಮಾಡಿ ಕಾರು ಕೊಂಡವನು. ‘ಓಡಿದರೆ ಇದರಷ್ಟು ಅಗ್ಗ ಯಾವುದೂ ಇಲ್ಲ, ನಿಂತರೆ ಇದರಷ್ಟು ದುಬಾರಿ ಯಾವುದೂ ಇಲ್ಲ ಸ್ವಾಮಿ. ಈ ಸಾಲಿನಲ್ಲಿ ಕೂತಿರುವಾಗ ಎರಡು ಬಾಡಿಗೆ ಕೈಬಿಟ್ಟವು’ ಎಂದ. ಯಂತ್ರದ ಹೊಟ್ಟೆಯ ಮೇಲೆ 60 ಕಿಲೋವ್ಯಾಟ್ ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ಎರಡು ಕಾರು ಒಟ್ಟಿಗೆ ಹೀರತೊಡಗಿದರೆ ಆ ಅರವತ್ತನ್ನು ಹಂಚಿಕೊಳ್ಳಬೇಕು, ಆಗ ಒಂದೊಂದಕ್ಕೆ ಮೂವತ್ತೂ ಬರುವುದಿಲ್ಲವೆಂಬ ಗುಟ್ಟನ್ನು ಹೇಳಿಕೊಟ್ಟವನು ಅವನೇ. ಇನ್ನೊಂದು ತಾಪತ್ರಯವನ್ನೂ ಅಲ್ಲಿಯೇ ಕಂಡೆ. ಒಂದೊಂದು ಕಂಪನಿಯ ಯಂತ್ರಕ್ಕೂ ದೂರವಾಣಿಯಲ್ಲಿ ಒಂದೊಂದು ಖಾತೆ ತೆರೆಯಬೇಕು, ಮುಂಗಡ ಹಣ ತುಂಬಬೇಕು; ನಮ್ಮ ಯಂತ್ರದ ಸೂಚನೆಗಳಲ್ಲಿ ಕನ್ನಡದ ಒಂದಕ್ಷರವಿಲ್ಲ. ಬಾಯಾರಿದವನಿಗೆ ನೀರು ಕೊಡುವ ಮುನ್ನ ಅರ್ಜಿ ಬರೆಸಿಕೊಳ್ಳುವವರನ್ನು ಏನೆನ್ನೋಣ? ಈ ಯಂತ್ರಗಳಿಗೆ ‘ವಿದ್ಯುತ್ ಅರವಟ್ಟಿಗೆ’ ಎಂದು ಹೆಸರಿಡಬಹುದೆಂದು ನಾನು ಹೇಳಿದ್ದಕ್ಕೆ ಹುಡುಗ ನಕ್ಕ: ‘ಅರವಟ್ಟಿಗೆಯಲ್ಲಿ ದುಡ್ಡು ಕೇಳುವುದಿಲ್ಲ ಮಾವ.’

ಕಾಯುವ ಹೊತ್ತಿನಲ್ಲಿ ನನಗೆ ನೆನಪಾದದ್ದು 1968ರ ಒಂದು ಪಂದ್ಯ. ಹಿಂದೊಮ್ಮೆ ಶಾಲೆಯ ವಿಜ್ಞಾನ ಸಂಘದಲ್ಲಿ ನಮ್ಮ ವಿಜ್ಞಾನದ ಮೇಷ್ಟರು ಅದನ್ನು ಹೇಳಿದ್ದರು. ಅಮೆರಿಕದ ಪಶ್ಚಿಮ ತೀರದ ಪ್ಯಾಸಡೀನಾದಲ್ಲಿರುವ ಕ್ಯಾಲ್‌ಟೆಕ್ ಮತ್ತು ಪೂರ್ವ ತೀರದ ಕೇಂಬ್ರಿಜ್ಜಿನಲ್ಲಿರುವ ಎಂ.ಐ.ಟಿ. ಎಂಬ ಎರಡು ವಿದ್ಯಾಸಂಸ್ಥೆಗಳ ವಿದ್ಯಾರ್ಥಿಗಳಿಗೆ ಪಣ ಬಿತ್ತು. ಪಣ ಹೂಡಿದವನು ಕ್ಯಾಲ್‌ಟೆಕ್ಕಿನ ವಾಲಿ ರಿಪ್ಪಲ್ ಎಂಬ ವಿದ್ಯಾರ್ಥಿ. ಇವರು ಹಳೆಯದೊಂದು ಫೋಕ್ಸ್‌ವ್ಯಾಗನ್ ವ್ಯಾನಿಗೆ ಸೀಸದ ಬ್ಯಾಟರಿಗಳನ್ನು ತುಂಬಿದರು. ಅವರು ಹೊಸ ಷೆವ್ರೋಲೆ ಕಾರ್ವೇರಿಗೆ ನಿಕಲ್–ಕ್ಯಾಡ್ಮಿಯಂ ಎಂಬ ಬಲು ದುಬಾರಿಯ ಬ್ಯಾಟರಿ ಹಾಕಿದರು. ಆಗಸ್ಟ್ 26ರಂದು ಇಬ್ಬರೂ ಏಕಕಾಲಕ್ಕೆ ತಂತಮ್ಮ ಊರಿನಿಂದ ಹೊರಟು ಎದುರಾಳಿಯ ಊರನ್ನು ಮುಟ್ಟಬೇಕು. ದಾರಿ ಸುಮಾರು 3,300 ಮೈಲಿ. ಪ್ರಯಾಣಕ್ಕೆ ಮೊದಲು ಅವರು ಮಾಡಿದ ಕೆಲಸವನ್ನು ಗಮನಿಸಬೇಕು: ಆ ದಾರಿಯುದ್ದಕ್ಕೂ, ಸುಮಾರು ಅರವತ್ತು ಮೈಲಿಗೊಂದರಂತೆ, 54 ಕಡೆ ವಿದ್ಯುತ್ ತುಂಬುವ ಏರ್ಪಾಡು ಮಾಡಿಸಿದರು. ಕಾರು ಕಟ್ಟುವುದರ ಜೊತೆಗೆ ದಾರಿಯನ್ನೂ ಕಟ್ಟಿದರೆನ್ನಬೇಕು.

ಆಮೇಲೆ ಆದದ್ದು ನಗೆಯ ಪ್ರಸಂಗದಂತಿದೆ. ಬೇಗ ಬೇಗ ತುಂಬಿಸುವ ಆತುರದಲ್ಲಿ ಬ್ಯಾಟರಿಗಳು ಕಾದು, ಅವುಗಳ ಮೇಲೆ ಮಂಜುಗಡ್ಡೆ ಸುರಿದು ತಣಿಸಬೇಕಾಯಿತು. ಕ್ಯಾಲ್‌ಟೆಕ್ಕಿನವರ ಮೋಟಾರು ದಾರಿಯಲ್ಲೇ ಸುಟ್ಟು, ಬದಲಿ ಬರುವವರೆಗೆ ಅವರು ಕೈಕಟ್ಟಿ ಕೂರಬೇಕಾಯಿತು. ಎಂ.ಐ.ಟಿ.ಯ ಕಾರು ಮೊದಲು ಗುರಿ ಮುಟ್ಟಿತೇನೋ ನಿಜ, ಆದರೆ ಅದನ್ನು ಅಲ್ಲಲ್ಲಿ ಬೇರೆ ವಾಹನಕ್ಕೆ ಕಟ್ಟಿ ಎಳೆಸಿದ್ದರು. ಎಳೆಸಿದ್ದಕ್ಕೆ ದಂಡದ ಹೊತ್ತನ್ನು ಕೂಡಿಸಿ ನೋಡಿದರೆ, ಒಂಬತ್ತು ದಿನದ ಆ ಪಂದ್ಯದಲ್ಲಿ ಹಿಂದೆ ಬಂದ ಹಳೆಯ ವ್ಯಾನು ಸುಮಾರು ಅರ್ಧ ಗಂಟೆಯಿಂದ ಗೆದ್ದಿತ್ತು! ಇಂದಿನ ಲಿಥಿಯಂ ಬ್ಯಾಟರಿಯ ಮುಂದೆ ಅವರ ಬ್ಯಾಟರಿಗಳು ಆಟಿಕೆ. ಆದರೆ 54 ನಿಲ್ದಾಣಗಳಲ್ಲಿ ಪ್ರತಿಯೊಂದೂ ಯಾರೋ ಒಬ್ಬರ ಹೊಣೆಯಾಗಿತ್ತು. ಆ ಒಂದು ಅಂಶದಲ್ಲಿ ಅವರು ಹಾಸನದ ಬೇವಿನ ಮರದ ಕೆಳಗೆ ಕುಳಿತಿದ್ದ ನಮಗಿಂತ ಮುಂದಿದ್ದರು.

ವಿದ್ಯುತ್ ಕಾರು ಹೊಸತೆಂದು ಭಾವಿಸುವವರು ಉಂಟು. ಹಾಗಲ್ಲ. ಗಂಟೆಗೆ ನೂರು ಕಿಲೋಮೀಟರ್ ವೇಗವನ್ನು ಮೊತ್ತಮೊದಲು ಮೀರಿದ ಮೋಟಾರು ಗಾಡಿ ಬೆಲ್ಜಿಯಮ್ಮಿನ ಕಮೀಲ್ ಜೆನಾಟ್ಸಿ 1899ರಲ್ಲಿ ಓಡಿಸಿದ ವಿದ್ಯುತ್ ಗಾಡಿ. ಅಂದಿನ ವಿದ್ಯುತ್ ಗಾಡಿ ಸೋತದ್ದು ದೂರದಲ್ಲಿ. ಪೆಟ್ರೋಲನ್ನು ಡಬ್ಬದಲ್ಲಿ ತುಂಬಿ ಯಾವ ಕುಗ್ರಾಮದ ಅಂಗಡಿಯಲ್ಲಾದರೂ ಇಡಬಹುದಿತ್ತು. ವಿದ್ಯುತ್ತನ್ನು ಡಬ್ಬದಲ್ಲಿ ಇಡುವಂತಿರಲಿಲ್ಲ. ನಮ್ಮ ಬೆಂಗಳೂರಿನಲ್ಲೇ ಚೇತನ್ ಮೈನಿಯವರ ರೇವಾ ಕಾರು 2001ರಲ್ಲಿ ಬೀದಿಗಿಳಿದಾಗ ಒಮ್ಮೆ ತುಂಬಿಸಿದರೆ ಅದು ಹೋಗುತ್ತಿದ್ದುದು ಸುಮಾರು 80 ಕಿಲೋಮೀಟರ್. ಎಂದರೆ ಮೈಸೂರಿಗೆ ಹೊರಟರೆ ಮದ್ದೂರಿನಲ್ಲಿ ವಡೆ ತಿಂದು, ಮರುದಿನದವರೆಗೆ ಅಲ್ಲಿಯೇ ಮಲಗಬೇಕಾದ ಪಾಡು. 2017ರಲ್ಲಿ ನಮ್ಮ ರಾಜ್ಯ ಸರ್ಕಾರ ವಿದ್ಯುತ್ ವಾಹನಗಳಿಗೆಂದೇ ಒಂದು ನೀತಿಯನ್ನು ಪ್ರಕಟಿಸಿತು. ದೇಶದಲ್ಲಿ ರಾಜ್ಯವೊಂದು ಹೀಗೆ ಮಾಡಿದ್ದು ಅದೇ ಮೊದಲು. ಆಮೇಲೆ ಯಂತ್ರಗಳು ಬಂದವು, ಹೆಚ್ಚುತ್ತಲೂ ಇವೆ. ಎಷ್ಟು ಯಂತ್ರ ನೆಟ್ಟೆವೆಂಬ ಲೆಕ್ಕ ನಮಗೆ ಆಗಾಗ ಸಿಗುತ್ತದೆ. ಎಷ್ಟು ಯಂತ್ರ ಈ ಹೊತ್ತು ಉಸಿರಾಡುತ್ತಿವೆ ಎಂಬುದು ದಾರಿಹೋಕನಿಗೆ ಬೇಕಾದ ಲೆಕ್ಕ.

ಹನ್ನೊಂದೂ ಮುಕ್ಕಾಲಿಗೆ ನಮ್ಮ ಸರದಿ ಬಂತು. ಮನೆಯ ಗೋಡೆಯ ಪ್ಲಗ್ಗಿನಲ್ಲಿ ಹದಿಮೂರು ಹದಿನಾಲ್ಕು ಗಂಟೆ ಹಿಡಿಯುವ ಕೆಲಸವನ್ನು ಈ ಯಂತ್ರ ಹೇಗೆ ಬೇಗ ಮುಗಿಸುತ್ತದೆಂಬುದನ್ನು ಎರಡು ಮಾತಿನಲ್ಲಿ ಹೇಳುತ್ತೇನೆ. ತಂತಿಯಲ್ಲಿ ಬರುವುದು ಕ್ಷಣಕ್ಷಣಕ್ಕೂ ದಿಕ್ಕು ಬದಲಿಸುವ ಪರ್ಯಾಯ ಪ್ರವಾಹ. ಬ್ಯಾಟರಿ ಒಪ್ಪುವುದು ಒಂದೇ ದಿಕ್ಕಿನ ಏಕಮುಖ ಪ್ರವಾಹ. ಮನೆಯಲ್ಲಿ ಹಾಕಿದಾಗ ಇದನ್ನು ಮಾರ್ಪಡಿಸುವ ಕೆಲಸ ಕಾರಿನೊಳಗಿನ ಒಂದು ಚಿಕ್ಕ ಸಲಕರಣೆಯದು, ಅಲ್ಲದೆ ಮನೆಯ ಪ್ಲಗ್ಗು ಕೊಡುವುದೇ ಸ್ವಲ್ಪ. ರಸ್ತೆ ಬದಿಯ ಯಂತ್ರದಲ್ಲಿ ಈ ಮಾರ್ಪಾಡಿನ ಸಲಕರಣೆ ಬೀರುವಿನಷ್ಟು ದೊಡ್ಡದಾಗಿ ಹೊರಗೇ ಇದ್ದು, ತಯಾರಾದ ಏಕಮುಖ ಪ್ರವಾಹವನ್ನು ನೆಟ್ಟಗೆ ಬ್ಯಾಟರಿಗೆ ನುಗ್ಗಿಸುತ್ತದೆ. ಆದರೆ ಆ ನುಗ್ಗಾಟವೂ ಕೊನೆಯವರೆಗೆ ನಡೆಯುವುದಿಲ್ಲ. ಮದುವೆಯೂಟದ ಪಂಕ್ತಿಯನ್ನು ನೋಡಿ. ಚಪ್ಪರ ಬರಿದಾಗಿರುವಾಗ ಜನ ದಬದಬನೆ ಬಂದು ಕೂರುತ್ತಾರೆ. ಮುಕ್ಕಾಲು ತುಂಬಿದ ಮೇಲೆ ಬಂದವನು ಎಲ್ಲಿ ಎಲೆ ಖಾಲಿಯಿದೆ ಎಂದು ಇಣುಕಿ ನೋಡುತ್ತ, ಕಾಲು ತುಳಿಯದಂತೆ ದಾಟುತ್ತ ಹೋಗಬೇಕು. ಬ್ಯಾಟರಿಯೊಳಗೆ ಎಡೆ ಹುಡುಕುವ ಲಿಥಿಯಂ ಕಣಗಳದೂ ಇದೇ ಅವಸ್ಥೆ. ಅವಸರ ಮಾಡಿ ನೂಕಿದರೆ ಬ್ಯಾಟರಿ ಕಾಯುತ್ತದೆ, ಅದರ ಆಯುಸ್ಸು ಕುಂದುತ್ತದೆ. ಆದ್ದರಿಂದ ನೂರಕ್ಕೆ 80 ದಾಟಿದ ಮೇಲೆ ಕಾರು ತಾನೇ ತಡೆಹಿಡಿಯುತ್ತದೆ. ಹತ್ತರಿಂದ ಎಂಬತ್ತಕ್ಕೆ ಒಂದು ಗಂಟೆ ಸಾಕಾಗುವ ಕಡೆ, ಎಂಬತ್ತರಿಂದ ನೂರಕ್ಕೆ ಇನ್ನೊಂದು ಗಂಟೆ ಬೇಕಾದೀತು. ದಾರಿಯಲ್ಲಿ ನೂರು ತುಂಬಿಸಲು ಹಟ ಹಿಡಿದು ಕೂರುವವನು ತನ್ನ ಹೊತ್ತನ್ನೂ ಹಿಂದಿನವನ ಹೊತ್ತನ್ನೂ ಕಳೆಯುತ್ತಾನೆ.

ಮುಕ್ಕಾಲು ಗಂಟೆಯಲ್ಲಿ 17 ಇದ್ದದ್ದು 60 ಆಯಿತು. ಇನ್ನೂ ತುಂಬಿಸೋಣವೆಂದು ನಾನು. ಮುಂದೆ ಇಳಿಜಾರು, ಇಷ್ಟು ಸಾಕೆಂದು ಹುಡುಗ. ತಾಯಿ ಮಾತಾಡಲಿಲ್ಲ, ಹೊತ್ತು ಹನ್ನೆರಡೂವರೆಯಾಗಿತ್ತು, ಅವರು ಹೋಗಿ ಕಾರಿನಲ್ಲಿ ಕುಳಿತರು. ಹೊರಟೆವು.

ಹೇಮಾವತಿಯನ್ನು ದಾಟಿ, ಸಕಲೇಶಪುರ ಬಿಟ್ಟು, ದೋಣಿಗಾಲಿನ ಹತ್ತಿರ ಬಂದಾಗ ಬ್ಯಾಟರಿ 44. ಈ ಶಿರಾಡಿ ಘಟ್ಟದ ದಾರಿಗೆ ಮಳೆಗಾಲದಲ್ಲಿ ನೆಚ್ಚಿಕೆಯಿಲ್ಲ. 2018ರಲ್ಲಿ, ಮತ್ತೆ 2024ರಲ್ಲಿ ಗುಡ್ಡ ಜರಿದು ಸಂಚಾರ ನಿಂತದ್ದು ಓದುಗರಿಗೆ ನೆನಪಿರಬಹುದು. ನಾವು ಹೋದದ್ದು ಬೇಸಗೆ, ರಸ್ತೆ ಒಣಗಿತ್ತು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಘಟ್ಟದ ತಲೆಯಿಂದ ನೂರು ಮೀಟರಿನ ಆಸುಪಾಸಿನ ಗುಂಡ್ಯಕ್ಕೆ ಇಳಿಯಬೇಕು. ಕೆಂಪುಹೊಳೆ ದಾರಿಯುದ್ದಕ್ಕೂ ಪಕ್ಕದಲ್ಲಿ ಕೆಳಗಿಳಿಯುತ್ತಿರುತ್ತದೆ. ಇಲ್ಲಿ ವಿದ್ಯುತ್ ಕಾರಿನ ಅತ್ಯಂತ ಸೊಗಸಾದ ಗುಣವನ್ನು ಕಂಡೆ. ಇಳಿಜಾರಿನಲ್ಲಿ ಕಾಲನ್ನು ಹಿಂದಕ್ಕೆ ತೆಗೆದೊಡನೆ ಚಕ್ರ ಮೋಟಾರನ್ನು ತಿರುಗಿಸತೊಡಗುತ್ತದೆ, ಇಲ್ಲಿಯವರೆಗೆ ವಿದ್ಯುತ್ತನ್ನು ಉಂಡ ಮೋಟಾರು ಈಗ ವಿದ್ಯುತ್ತನ್ನು ಹಡೆಯುತ್ತದೆ. ಹಡೆಯುವಾಗ ಅದು ಚಕ್ರವನ್ನು ಹಿಡಿದೆಳೆಯುವುದರಿಂದ ಬ್ರೇಕು ಒತ್ತುವ ಅಗತ್ಯವೇ ಬಹುಪಾಲು ಬೀಳುವುದಿಲ್ಲ. ಎದುರಿಗೆ ಲಾರಿಗಳ ಬ್ರೇಕು ಸುಟ್ಟ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಅಲ್ಲಿ ಸುಟ್ಟು ಹೋಗುತ್ತಿದ್ದುದೇ ಇಲ್ಲಿ ಬ್ಯಾಟರಿಗೆ ಸೇರುತ್ತಿತ್ತು.

ಎಷ್ಟು ಸೇರಿತು? ಕುತೂಹಲವಿರುವವರಿಗಾಗಿ ಲೆಕ್ಕವನ್ನು ಕೊಡುತ್ತೇನೆ. ಕಾರು ಮತ್ತು ನಾವು ಸೇರಿ ಸುಮಾರು 1,750 ಕಿಲೋ. ಅಷ್ಟು ಭಾರ 800 ಮೀಟರ್ ಇಳಿದಾಗ ಭೂಮಿಯ ಸೆಳೆತ ಕೊಡುವ ಶಕ್ತಿ 3.8 ಯೂನಿಟ್. ಘಟ್ಟದ ಸುಮಾರು ಮೂವತ್ತು ಕಿಲೋಮೀಟರ್ ದಾರಿಯಲ್ಲಿ ಚಕ್ರದ ಉಜ್ಜಾಟಕ್ಕೂ ಗಾಳಿಗೂ ಅದರಲ್ಲಿ ಅರ್ಧ ಹೋಗುತ್ತದೆ. ಮಿಕ್ಕದ್ದರಲ್ಲಿಯೂ ಒಂದಷ್ಟು ಸೋರಿ, ಬ್ಯಾಟರಿಗೆ ಮುಟ್ಟುವುದು ಒಂದೂಕಾಲು ಯೂನಿಟ್. ಗುಂಡ್ಯದಲ್ಲಿ ನೋಡಿದಾಗ 44 ಇದ್ದದ್ದು 47 ಆಗಿತ್ತು. ಮೂರೇ ಅಂಕ! ಆದರೂ ಮೂವತ್ತು ಕಿಲೋಮೀಟರ್ ನಡೆದ ಮೇಲೆ ಬುತ್ತಿ ಹೆಚ್ಚಾಗಿರುವುದನ್ನು ನಾನು ಬೇರೆಲ್ಲಿಯೂ ಕೇಳಿಲ್ಲ. ಇದರೊಡನೆ ಒಂದು ಎಚ್ಚರಿಕೆ ಸೇರಿಕೊಂಡಿದೆ. ಸಕಲೇಶಪುರದಲ್ಲಿ ನೂರಕ್ಕೆ ನೂರು ತುಂಬಿಸಿಕೊಂಡು ಘಟ್ಟ ಇಳಿಯತೊಡಗಿದರೆ, ಬರುವ ವಿದ್ಯುತ್ತನ್ನು ಹಾಕಿಕೊಳ್ಳಲು ಬ್ಯಾಟರಿಯಲ್ಲಿ ಎಡೆಯಿರುವುದಿಲ್ಲ. ಆಗ ಮೋಟಾರಿನ ಹಿಡಿತ ಸಡಿಲವಾಗಿ ಎಲ್ಲ ಭಾರವೂ ಮಾಮೂಲು ಬ್ರೇಕಿನ ಮೇಲೆ ಬೀಳುತ್ತದೆ. ಘಟ್ಟದ ತಲೆಯಲ್ಲಿ ಹೊಟ್ಟೆಯಲ್ಲಿ ಸ್ವಲ್ಪ ಜಾಗ ಇಟ್ಟುಕೊಂಡು ಇಳಿಯಬೇಕು.

ನೆಲ್ಯಾಡಿ ದಾಟಿ, ಉಪ್ಪಿನಂಗಡಿಯಿಂದ ಒಳದಾರಿ ಹಿಡಿದು ತೋಟದ ಮನೆ ಸೇರಿದಾಗ ಮೂರೂವರೆ. ಬ್ಯಾಟರಿ 34. ಚಿಕ್ಕಮ್ಮ ಹನ್ನೆರಡೂವರೆಯಿಂದ ತಲೆದಿಂಬಿಗೆ ಒರಗಿ ಬಾಗಿಲ ಕಡೆಗೆ ನೋಡುತ್ತಿದ್ದರಂತೆ. ಸೊಸೆ ಎಷ್ಟು ಹೇಳಿದರೂ ಎರಡು ಚಮಚ ಗಂಜಿಯ ತಿಳಿಗಿಂತ ಹೆಚ್ಚು ಕುಡಿದಿರಲಿಲ್ಲ. ನಮ್ಮ ತಾಯಿ ಹೋಗಿ ಹಾಸಿಗೆಯ ಅಂಚಿನಲ್ಲಿ ಕುಳಿತರು. ಅಕ್ಕತಂಗಿಯರು ಏನು ಮಾತಾಡಿದರೆಂದು ನಾನು ಕೇಳಲಿಲ್ಲ. ಅಂಗಳಕ್ಕೆ ಬಂದಾಗ ಹುಡುಗ ಆ ಹನ್ನೊಂದು ದಿನದಿಂದ ಕೆಟ್ಟ ಯಂತ್ರದ ಮೇಲೆ ದೂರವಾಣಿಯಲ್ಲಿ ದೂರು ಬರೆಯುತ್ತಿದ್ದ. ಬರೆಯಲಿ ಎಂದುಕೊಂಡೆ. ಆ ಯಂತ್ರದ ಯಜಮಾನರ ಪುಸ್ತಕದಲ್ಲಿ ಇದು ಒಂದು ದಿನದ ವ್ಯಾಪಾರದ ಖೋತಾ. ಇಲ್ಲಿ ಅದು ಹಾಸಿಗೆ ಹಿಡಿದ ಮುದುಕಿಯೊಬ್ಬಳ ಮೂರು ಗಂಟೆ.

ಮರುದಿನ ತಿರುಗಿ ಬರುವ ಲೆಕ್ಕ ನೋಡಿದಾಗ ಮುಖ್ಯ ತೊಡಕು ಹೊರಬಿತ್ತು. ಇಳಿಯಲು 60 ಸಾಕಾಗಿತ್ತು. ಏರಿ ಹಾಸನ ಮುಟ್ಟಬೇಕಾದರೆ ಐವತ್ತರಷ್ಟಾದರೂ ಬೇಕು, ಇರುವುದು 34. ಆದುದರಿಂದ ರಾತ್ರಿ ಇಲ್ಲಿಯೇ ತುಂಬಿಸಬೇಕು. ನೀರಿನ ಪಂಪಿಗೆಂದು ಹಾಕಿಸಿದ್ದ 15 ಆಂಪಿಯರಿನ ಪ್ಲಗ್ಗು ಮನೆಯ ಹಿಂದಿತ್ತು. ತಂತಿ ಸಿಕ್ಕಿಸಿದೊಡನೆ ಕಾರಿನ ಕೈಪೆಟ್ಟಿಗೆಯಲ್ಲಿ ಕೆಂಪು ದೀಪ ಹೊತ್ತಿತು. ಅದೇ ಪ್ಲಗ್ಗಿನಲ್ಲಿ ಪಂಪು ದಿನವೂ ಓಡುತ್ತದೆ, ಮಿಕ್ಸರು ಓಡುತ್ತದೆ. ಕಾರು ಮಾತ್ರ ಒಲ್ಲೆನೆನ್ನುತ್ತದೆ. ಹುಡುಗ ಎರಡು ನಿಮಿಷ ಯೋಚಿಸಿ, ‘ಅರ್ತಿಂಗ್ ಇಲ್ಲ’ ಎಂದ. ಭೂಸಂಪರ್ಕವೆಂದು ಪಠ್ಯಪುಸ್ತಕದಲ್ಲಿ ನಾವು ಪಾಠ ಮಾಡುವುದು ಇದನ್ನೇ. ಸಲಕರಣೆಯ ಮೈಗೆ ಎಲ್ಲಿಯಾದರೂ ವಿದ್ಯುತ್ ಸೋರಿದರೆ ಅದು ಮುಟ್ಟಿದವನ ಮೈಮೂಲಕ ಹರಿಯದೆ ನೆಲಕ್ಕೆ ಇಳಿದುಹೋಗಲೆಂದು ಮಾಡುವ ಏರ್ಪಾಡು. ಹಳ್ಳಿಮನೆಗಳಲ್ಲಿ ಮೂರನೆಯ ತೂತು ಪ್ಲಗ್ಗಿನಲ್ಲಿರುತ್ತದೆ, ನೆಲದವರೆಗಿನ ಸಂಪರ್ಕ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಪಂಪು ಅದನ್ನು ಕೇಳುವುದಿಲ್ಲ. ಕಾರು ಕೇಳುತ್ತದೆ, ಸಿಗದಿದ್ದರೆ ಒಂದು ಹನಿಯನ್ನೂ ಮುಟ್ಟುವುದಿಲ್ಲ. ಮಡಿಯಲ್ಲಿ ನಮ್ಮ ಅಜ್ಜಿಯರನ್ನೂ ಮೀರಿಸಿದ್ದು ಈ ಕಾರು!

ಚಿಕ್ಕಮ್ಮನ ಮಗ ಟಾರ್ಚು ಹಿಡಿದು ಬಚ್ಚಲ ಹಿಂದಿನ ಗುಂಡಿಯನ್ನು ತೋರಿಸಿದ. ಇಪ್ಪತ್ತು ವರ್ಷದ ಹಿಂದೆ ಇದ್ದಲು ಉಪ್ಪು ಹಾಕಿ ಕಬ್ಬಿಣದ ಕೊಳವೆ ಹೂಳಿದ್ದರಂತೆ. ಬೇಸಗೆಯಲ್ಲಿ ಮಣ್ಣು ಬಿರುಕು ಬಿಟ್ಟು ಒಣಗಿತ್ತು. ಒಣಮಣ್ಣು ವಿದ್ಯುತ್ತನ್ನು ಸರಿಯಾಗಿ ಒಯ್ಯದು. ಒದ್ದೆಯಾದ ಉಪ್ಪುಮಣ್ಣು ಒಯ್ಯುತ್ತದೆ. ಮುಖ್ಯ ಸ್ವಿಚ್ಚನ್ನು ಆರಿಸಿ, ಸಡಿಲವಾಗಿದ್ದ ತಂತಿಯನ್ನು ಉಜ್ಜಿ ಬಿಗಿಮಾಡಿ, ಎರಡು ಸೇರು ಕಲ್ಲುಪ್ಪು ಸುರಿದು ಐದಾರು ಕೊಡ ನೀರು ಹೊಯ್ದೆವು. ಒಂಬತ್ತು ಗಂಟೆಗೆ ಮತ್ತೆ ಸಿಕ್ಕಿಸಿದಾಗ ಹಸಿರು ದೀಪ ಬಂತು. ದಿನವೂ ಇಲ್ಲಿ ಕಾರು ತುಂಬಿಸುವುದಾದರೆ ಈ ಉಪಾಯ ಸಲ್ಲದು, ಪರವಾನಗಿಯುಳ್ಳ ಕೆಲಸಗಾರನನ್ನು ಕರೆಸಿ ಹೊಸ ಗುಂಡಿ ತೆಗೆಸಬೇಕೆಂದು ಹೇಳಿದೆ. ಕಾರಿಗಾಗಿ ಅಲ್ಲದಿದ್ದರೂ ಒದ್ದೆ ಕೈಯಲ್ಲಿ ಪಂಪಿನ ಸ್ವಿಚ್ಚು ಹಾಕುವವರಿಗಾಗಿ ಅದು ಬೇಕು. ಆ ಮನೆಯಲ್ಲಿ ಭೂಸಂಪರ್ಕ ಸತ್ತಿದೆಯೆಂದು ಇಷ್ಟು ವರ್ಷ ಯಾರಿಗೂ ತಿಳಿದಿರಲಿಲ್ಲ. ಕಾರು ಬಂದು ಹೇಳಬೇಕಾಯಿತು.

ರಾತ್ರಿ ವೋಲ್ಟೇಜು ಇಳಿದಿದ್ದುದರಿಂದ ತುಂಬುವುದು ನಿಧಾನವಾಯಿತು. ಬೆಳಗ್ಗೆ ಐದೂವರೆಗೆ ನೋಡಿದರೆ ಬ್ಯಾಟರಿ 80. ಮನೆಯ ಮೀಟರಿನಲ್ಲಿ 21 ಯೂನಿಟ್ ಓಡಿತ್ತು. ಬ್ಯಾಟರಿಗೆ ಸೇರಿದ್ದು ಹದಿನೆಂಟೂವರೆ, ಉಳಿದದ್ದು ಪರ್ಯಾಯವನ್ನು ಏಕಮುಖ ಮಾಡುವ ಸುಂಕ. ಖರ್ಚು ಕೊಡಹೋದರೆ ಮನೆಯವರು ಕೈಮುಗಿದು ಬೇಡವೆಂದರು. ತಾಯಿ ಎರಡು ನೋಟನ್ನು ತಂಗಿಯ ದಿಂಬಿನ ಕೆಳಗೆ ಇಟ್ಟದ್ದನ್ನು ನಾನು ನೋಡಿದೆ. ನೋಡಲಿಲ್ಲವೆಂಬಂತೆ ಹೊರಗೆ ಬಂದೆ.

ಗುಂಡ್ಯ ಮುಟ್ಟಿದಾಗ ಬ್ಯಾಟರಿ 66. ಅಲ್ಲಿಂದ ಏರು. ಈ ಸಲ ಹುಡುಗ ನಲವತ್ತರ ಮೇಲೆ ಹೋಗಲಿಲ್ಲ, ಲಾರಿಗಳನ್ನು ಹಿಂದೆ ಹಾಕುವ ಚಪಲವನ್ನೂ ತೋರಿಸಲಿಲ್ಲ. ನಿನ್ನೆ ಇಳಿಯುವಾಗ ಮೂರು ಕೊಟ್ಟ ಘಟ್ಟ ಇಂದು ಎಷ್ಟು ಕೇಳುತ್ತದೆಂದು ಎಲ್ಲರೂ ಫಲಕವನ್ನೇ ನೋಡುತ್ತಿದ್ದೆವು. ಮಾರನಹಳ್ಳಿಯ ತಿರುವುಗಳಲ್ಲಿ ಅಂಕಿ ಬೆಲ್ಲದಂತೆ ಕರಗಿತು. ದೋಣಿಗಾಲಿನಲ್ಲಿ 49. ಹದಿನೇಳು ತೆಗೆದುಕೊಂಡಿತ್ತು. ಕಣ್ಣು ಮುಚ್ಚಿ ಕುಳಿತಿದ್ದ ತಾಯಿ ಕಣ್ಣು ತೆರೆದು, ‘ಈಗ ಎಷ್ಟಿದೆ?’ ಎಂದು ಕೇಳಿದರು. ಹೇಳಿದೆ. ‘ಹಾಗಾದರೆ ಸಕಲೇಶಪುರದಲ್ಲಿ ನಿಲ್ಲಿಸಿ ಸ್ವಲ್ಪ ತಿನ್ನಿಸು. ಹಾಸನದವರೆಗೆ ಕಾಯಬೇಡ’ ಎಂದರು.

ನಿಲ್ಲಿಸಿದೆವು. ಅಲ್ಲಿಯ ಯಂತ್ರ ಸರಿಯಾಗಿತ್ತು.